ಒಂಟಿ ಮಂಚದ ಕೋಣೆ

ಗ್ಲಾಸ್ಗೋದ ಹೋಟೆಲಿನ ದರ ಕೇಳಿ ಫೋನಿಟ್ಟೆ.
ಎರಡು ರಾತ್ರಿಗೆ ನನ್ನ ವಾರದ ಸಂಬಳ.
ರಜೆಯಲ್ಲಿ ಹಾಸ್ಟೆಲ್ಲು ಖಾಲಿ, ಅಲ್ಲೇ ಕೇಳಿ ನೋಡು
ಅಂದಳು ಹಡಗಿನಲ್ಲಿ ಸಿಕ್ಕ ನರ್ಸು.

ಕೇಳಿದೆ. ಎರಡು ಕೋಣೆ, ನಡುವೆ ತೆಳು ಗೋಡೆ.

ಹಗಲೆಲ್ಲ ಹಿಮ್ಮುಖ ನಡೆಯುತ್ತಲೇ ಒಬ್ಬ ಹುಡುಗ
ತೋರಿಸಿದ: ಗಂಟೆಗೋಪುರ, ಲೈಬ್ರರಿ,
ಅಗ್ಗದ ಸೂಪು ಸಿಗುವ ಓಣಿ.
ಎಲ್ಲಿ ಎಡವುತ್ತಾನೋ ಎಂದು ನನಗೇ ದಿಗಿಲು.
ಐಲಿ ಮಾತ್ರ ನನಗಿಂತ ಎರಡು ಮಾರು ಮುಂದೆ,
ನಾನು ಯಾರೋ ಎಂಬಂತೆ.
ಇರಲಿ. ಎಷ್ಟು ಒಗೆದರೂ
ನನ್ನ ಕೋಟು ಬಿಡದು ಮೀನಿನ ವಾಸನೆ.

ರಾತ್ರಿ, ಮಗ್ಗುಲು ಬದಲಿಸಿದರೆ ಗೋಡೆ.
ಮೇಜಿನಂಚಲ್ಲಿ ಯಾರೋ ಕೈವಾರದ ಮೊನೆಯಲ್ಲಿ ಕೊರೆದಿದ್ದಾರೆ:
‘ನಾಳೆಯೂ ಪರೀಕ್ಷೆ.’
ಸವರಿ ನೋಡಿದೆ,
ಹದಿನಾರಕ್ಕೇ ಮೀನು ಸೀಳುವ ಚೂರಿ ಹಿಡಿದ ಬೆರಳಿನಿಂದ.
ದೀಪ ಹಾಕಿ ಕುರ್ಚಿ ಎಳೆದು ಕೂತೆ,
ಸುಮ್ಮನೆ, ಬೆನ್ನು ನೆಟ್ಟಗೆ.
ಬರೆಯಲು ಇದ್ದದ್ದು ಹಡಗಿನ ಟಿಕೇಟಿನ ಬೆನ್ನು.
ಮೋರಗ್ ಮಕೈವರ್ ಎಂದು
ಪೂರ್ತಿ ಹೆಸರು ಬರೆದೆ,
ಕೆಳಗೊಂದು ಗೆರೆ.

ಗೋಡೆಗೆ ಟಕಟಕ.
“ಅಮ್ಮ, ಇನ್ನೂ ಮಲಗಲಿಲ್ವಾ?”

“ಓದ್ತಾ ಇದ್ದೀನಿ,” ಅಂದೆ.