ಹೇಗೋ ಹಾಗೆ

ಈ ಪ್ರಶ್ನೆಗಳನ್ನು ಈಗ ಯಾರೂ ಕೇಳುವುದಿಲ್ಲ,
ಪರೀಕ್ಷೆಯಿಂದ ಕಿತ್ತುಹಾಕಿ ಎಷ್ಟೋ ವರ್ಷವಾಯಿತು.
ಆದರೂ ಲರೇಡೋದಲ್ಲಿ, ಶನಿವಾರ,
ಬೇಸಿಗೆ ತರಗತಿಯ ಕೊನೆಯ ಹತ್ತು ನಿಮಿಷ
ಕಿಟಕಿಯ ಎ.ಸಿ. ಮುದುಕನ ಹಾಗೆ ಕೆಮ್ಮುತ್ತಿರುವಾಗ
ಗಣಿತದಲ್ಲಿ ಫೇಲಾದ ಹನ್ನೊಂದು ಮಕ್ಕಳ ಮುಂದೆ
ಬೋರ್ಡಿನ ಮೇಲೆ ಬರೆಯುತ್ತೇನೆ:

ದೋಣಿಗೆ ನದಿ ಹೇಗೋ
ಗ್ರಾಫಿಂಗ್ ಕ್ಯಾಲ್ಕುಲೇಟರಿಗೆ ಯಾವುದು ಹಾಗೆ?

ಜೋಡಿಗೂ ಜೋಡಿಗೂ ನಡುವೆ ನಾಲ್ಕು ಚುಕ್ಕಿ.
ಅಷ್ಟೇ ಸೇತುವೆ. ಊರಿನ ಸೇತುವೆಯ ಮೇಲಾದರೆ
ಟ್ರಕ್ಕುಗಳು ಮೈಲಿಗಟ್ಟಲೆ ಸಾಲು ನಿಂತಿವೆ,
ಇಲ್ಲಿ ಒಂದು ಪದ ದಾಟಿದರೆ ಸಾಕು.

ನಿಯಮ ಒಂದೇ, ನನಗೂ ಯಾರೋ ಕಲಿಸಿದ್ದು:
ಮೊದಲು ಸಂಬಂಧವನ್ನು ಒಂದು ವಾಕ್ಯದಲ್ಲಿ ಹೇಳು,
ಆಮೇಲೆ ಪದ ಹುಡುಕು.

"ಸಮೀಕರಣ" ಎಂದಳು ದಮಾರಿಸ್,
ಪುಸ್ತಕದ ಹುಡುಗಿ, ಕೈ ಇಳಿಸುವುದೇ ಇಲ್ಲ.
"ಬ್ಯಾಟರಿ" ಎಂದ ಇನ್ನೊಬ್ಬ, ಆಕಳಿಸುತ್ತ.
"ಗಿರವಿ ಅಂಗಡಿ" ಎಂದಳು ಯಾದಿರಾ.
ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.
ಶಾಲೆ ಮುಗಿದ ವಾರವೇ ಹೋಗುತ್ತದೆ ಮೂವತ್ತು ಡಾಲರಿಗೆ,
ಶಾಲೆ ತೆರೆಯುವ ವಾರ ಬರುತ್ತದೆ ನಲವತ್ತಕ್ಕೆ.
"ಸರಿ, ವಾಕ್ಯ ಹೇಳು."
"ದೋಣೀನ ನದಿ ತೇಲಿಸುತ್ತೆ ಮಿಸ್,
ಗಿರವಿ ಅಂಗಡಿ ನಮ್ಮನ್ನ ತೇಲಿಸುತ್ತೆ."
"ಕ್ಯಾಲ್ಕುಲೇಟರನ್ನಲ್ಲವಲ್ಲ?"
"ಅದು ಮುಳುಗುತ್ತೆ. ಅದಕ್ಕೇ ನಾವು ತೇಲೋದು."
ಅರ್ಧ ಅಂಕ ಕೊಟ್ಟೆ. ಇನ್ನರ್ಧಕ್ಕೆ
ಕಾರಣ ಕೇಳಿದ್ದರೆ ನನ್ನ ಬಳಿ ಇರಲಿಲ್ಲ.

ಹಿಂದಿನ ಬೆಂಚಿನಿಂದ, ಜೂನ್ ಇಡೀ ತುಟಿ ಬಿಚ್ಚದ ಎಲಿಸೆಯೊ
"ಕಿಟಕಿ" ಎಂದ.

"ವಾಕ್ಯ?"
"ನದಿ ಇದ್ದಷ್ಟೇ ದೂರ ದೋಣಿ ಹೋಗೋದು.
ಕಿಟಕಿ ಇದ್ದಷ್ಟೇ ಇದು ನೋಡೋದು.
ಈ ಕಡೆ ಹತ್ತು, ಆ ಕಡೆ ಹತ್ತು.
ಗೆರೆ ಆಚೆ ಹೋದರೆ, ಮುಗೀತೋ ಇದೆಯೋ ಗೊತ್ತಾಗಲ್ಲ."

ಯಾದಿರಾ ಕೂಡ ಸುಮ್ಮನಾದಳು.

ಬೆಲ್ಲು ಹೊಡೆದ ಮೇಲೆ ನನ್ನ ಮೇಜಿಗೆ ಬಂದ.
ಮುಚ್ಚಳ ಕಳೆದು ಟೇಪು ಸುತ್ತಿದ ಯಂತ್ರ,
ಬೆನ್ನಿನ ಮೇಲೆ ಕೈವಾರದ ಮೊನೆಯಲ್ಲಿ ಕೊರೆದ ಹೆಸರು: ನೊಯೆಮಿ.
ಅಕ್ಕ. ಅಮ್ಮನ ಜೊತೆ ಮಾತಿಗೆ ಮಾತು ಬೆಳೆದು
ಕಾರ್ಪಸ್ ಕ್ರಿಸ್ಟಿಗೆ ಹೋದವಳು. ಸೀಗಡಿ ಕಾರ್ಖಾನೆಯಂತೆ.
ಫೋನು ಎತ್ತುವುದಿಲ್ಲವಂತೆ.
ಎರಡು ಸಲ ಗಿರವಿಗೆ ಹೋಗಿ ಬಂದಿದೆ ಇದು,
ಅಂಗಡಿಯವ ನಾಲ್ಕೂ ಸೆಲ್ಲು ಬಿಚ್ಚಿಟ್ಟುಕೊಂಡಿದ್ದ.
ಆದರೆ ಒಳಗೆ ಅಂಗಿಯ ಗುಂಡಿಯಷ್ಟು ಇನ್ನೊಂದಿರುತ್ತದೆ,
ಅದಕ್ಕೆ ಬೇರೆ ಕೆಲಸವಿಲ್ಲ, ನೆನಪು ಕಾಯುವುದೊಂದೇ.

"ಅವಳು ಬರೆದದ್ದು ಅಳಿಸಿಲ್ಲ ಮಿಸ್. ನೋಡಿ.
ಮೂರು ವಾರದಿಂದ ಗ್ರಾಫ್ ಒತ್ತುತ್ತಿದ್ದೀನಿ, ಏನೂ ಬರಲ್ಲ."

ಮೊದಲ ಸಾಲಿನಲ್ಲೊಂದು ಸಮೀಕರಣ. ಒತ್ತಿದೆ.
ಎರಡು ಅಕ್ಷ, ಶಿಲುಬೆಯ ಹಾಗೆ, ಮತ್ತೆ ಬರೀ ಬೂದು.
"ನೀನೇ ಹೇಳಿದೆಯಲ್ಲೋ ಈಗ" ಎಂದೆ.
ಮುಖ ನೋಡಿದ. ಆಮೇಲೆ ಬೆರಳು ತಾನಾಗಿ
ಹತ್ತನ್ನು ನೂರು ಮಾಡಿತು, ಮೇಲಕ್ಕೆ ಮುನ್ನೂರು ಮಾಡಿತು.

ಯಂತ್ರ ಯೋಚಿಸಿತು. ಹಳೆಯದು, ನಿಧಾನ.
ಎಡಗಡೆಯಿಂದ ಒಂದೊಂದೇ ಚುಕ್ಕಿ ಮೂಡುತ್ತ
ಇನ್ನೂರರ ಎತ್ತರದಲ್ಲಿ
ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತು
ಮತ್ತೆ ಮೇಲೆದ್ದಿತು ಒಂದು ಗೆರೆ.
ಯಾವುದೋ ತೂಗುಸೇತುವೆಯ ಲೆಕ್ಕ. ಹಳೇ ಹೋಂವರ್ಕು.
ಪಾಠದ ಹದಿನಾಲ್ಕನೆಯದೋ ಹದಿನೈದನೆಯದೋ.
ಅದಕ್ಕಿಂತ ಹೆಚ್ಚೇನೂ ಅಲ್ಲ ಎಂದು ಹೇಳಬೇಕೆಂದುಕೊಂಡೆ.

ಅವನು ಬಾಣದ ಗುಂಡಿ ಒತ್ತುತ್ತ
ಮಿಣುಕುವ ಚುಕ್ಕಿಯನ್ನು ಅದರ ಮೇಲೆ ನಡೆಸಿದ.
ಇಳಿಸಿದ. ತಳದಲ್ಲಿ ಸ್ವಲ್ಪ ನಿಲ್ಲಿಸಿದ. ಹತ್ತಿಸಿದ.
ಬಸ್ಸು ತಪ್ಪುತ್ತದೆ ಎಂದೆ, ಕೇಳಿಸಲಿಲ್ಲ.

ಅವನು ಹೋದ ಮೇಲೆ ಮುಂದಿನ ಶನಿವಾರಕ್ಕೆಂದು
ತಮ್ಮನಿಗೆ ಅಕ್ಕ ಹೇಗೋ, ಎಂದು ಬರೆದು
ನಾಲ್ಕು ಚುಕ್ಕಿ ಇಟ್ಟು
ಮೊದಲು ವಾಕ್ಯ ಹೇಳಿಕೊಳ್ಳಲು ನೋಡಿದೆ.
ಅಂಗೈಯಿಂದಲೇ ಒರೆಸಿದೆ. ನೀಲಿ ಮಸಿ
ಸ್ಟಿಯರಿಂಗಿಗೂ ಹತ್ತಿತ್ತು, ಮನೆಗೆ ಬಂದು ನೋಡಿದರೆ.