ವೀಪ್ ಹೋಲಿಗೆ ಕನ್ನಡ

ಸುತ್ತೋಲೆ ಬಂದದ್ದು ಏಪ್ರಿಲ್ಲಿನಲ್ಲಿ:
ಕಟ್ಟಡ ಕಾಮಗಾರಿಯ ಪದಗಳಿಗೆಲ್ಲ ಕನ್ನಡ ಬರೆದು
ಮೂವತ್ತರೊಳಗೆ ಕಳಿಸತಕ್ಕದ್ದು.
ಹೊಸನಗರದ ಕಚೇರಿಯಲ್ಲಿ ಕನ್ನಡ ಎಂ.ಎ. ನಾನೊಬ್ಬಳೇ,
ಕಡತ ತಾನಾಗಿಯೇ ನನ್ನ ಮೇಜಿಗೆ ಹರಿದು ಬಂತು
ಇಳಿಜಾರು ಕಂಡ ನೀರಿನ ಹಾಗೆ.

ಮೊದಲ ನಲವತ್ತು ಸಲೀಸು.
ಪ್ಲಂಬ್ ಬಾಬ್, ಲಂಬಸೂಚಕ. ಸೆಂಟ್ರಿಂಗ್, ಆಧಾರ ಚೌಕಟ್ಟು.
ಕ್ಯೂರಿಂಗಿನಲ್ಲಿ ಪೆನ್ನು ನಿಂತಿತು.
ಸಂಸ್ಕರಣ ಅಂತ ಬರೆದು ಕಾಟು ಹಾಕಿದೆ,
ಪಕ್ವನ ಅಂದೆ, ಅದಕ್ಕೂ ಕಾಟು.
ಡೆಡ್ ಲೋಡಿಗೆ ‘ಮೃತಭಾರ’ ಎಂದಾಗ
ಜವಾನ ತಿರುಕಪ್ಪ ಚಾ ಲೋಟ ಇಡುತ್ತ, ಬಗ್ಗಿ ಓದಿ,
‘ಯಾರ್ ಹೋದ್ರು ಮೇಡಂ?’ ಅಂದ.

ಎಪ್ಪತ್ತೊಂದನೆಯದು ವೀಪ್ ಹೋಲ್,
ತಡೆಗೋಡೆಯಲ್ಲಿ ನೀರಿಗೆ ಬಿಡುವ ತೂತು.
ಅಶ್ರುರಂಧ್ರ.
ಎರಡು ಸಲ ಬಾಯಿಬಿಟ್ಟು ಓದಿಕೊಂಡೆ.
ಆ ಖುಷಿಯಲ್ಲೇ ಮಾರನೆ ದಿನ ಜೆ.ಇ. ಜೀಪು ಹತ್ತಿ
ಹುಲಿಕಲ್ ಘಾಟಿಗೆ ಹೋದೆ, ಹಿಂದಿನ ವರ್ಷ ಜರಿದ ಗೋಡೆ
ಮತ್ತೆ ಏಳುತ್ತಿದ್ದ ತಿರುವಿಗೆ.

ಆಯನೂರಿನ ಓಬಾಭೋವಿ ಕಲ್ಲೊಂದನ್ನು ಹೊರಳಿಸಿ ನೋಡುತ್ತಿದ್ದರು.
‘ಕಲ್ಲಿಗೆ ಮುಖ ಇರ್ತದೆ, ಬಾಲ ಇರ್ತದೆ.
ಮುಖ ರಸ್ತೆಗೆ, ಬಾಲ ಗುಡ್ಡಕ್ಕೆ.
ಬಾಲ ಮೋಟಾದ್ರೆ ನೋಡಕ್ಕೆ ಚಂದ, ನಿಲ್ಲಲ್ಲ.’
ನನ್ನ ಪಟ್ಟಿಯಲ್ಲಿ ಅದು ಪಶ್ಚಭಾಗ.
ಅವರ ಕೈಯ ದಾರದ ತುದಿಗೆ ತೂಗುತ್ತಿದ್ದ
ನನ್ನ ಲಂಬಸೂಚಕದ ಹೆಸರು ಗುಂಡು.
ಕ್ಯೂರಿಂಗಿಗೆ ಏನಂತೀರಿ?
‘ನೀರು ಕುಡಿಸೋದು.
ಏಳು ದಿನ ಕುಡಿಸಿ ಅಂತೀವಿ, ಮೂರಕ್ಕೆ ನಿಲ್ಲಿಸ್ತಾರೆ.’
ಜೆ.ಇ. ಅತ್ತ ತಿರುಗಿ ಫೋನಿನಲ್ಲಿದ್ದರು.

ಕೊನೆಗೆ, ಸ್ವಲ್ಪ ನಾಚಿ, ಅಶ್ರುರಂಧ್ರ ಅಂದೆ.
ಭೋವಿ ಕಿವಿ ಮುಂದೆ ಮಾಡಿದರು.
ಬೆರಳು ತೋರಿಸಿದೆ: ಆ ಪೈಪು, ಅಲ್ಲಿ.
ಬಾಂಡ್ಲಿ ಹೊತ್ತು ಬರುತ್ತಿದ್ದ ಸೋಮ್ಲಿಬಾಯಿ
ಅಷ್ಟು ದೂರದಿಂದಲೇ ‘ಉಚ್ಚೆತೂತು!’ ಎಂದಳು.
ಗಾರೆ ಕಲಸುತ್ತಿದ್ದವರೆಲ್ಲ ನಕ್ಕರು. ನಾನೂ.

ನಗು ಇಳಿದ ಮೇಲೆ ಅವಳೇ, ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡು,
‘ಗುಡ್ಡ ಒಳಗೊಳಗೇ ಕುಡೀತದೆ ಅಕ್ಕೋರೆ,
ಬಿಡಕ್ಕೆ ಜಾಗ ಕೊಡ್ದೆ ಇದ್ರೆ ಗೋಡೆ ಏನ್ ಮಾಡ್ತದೆ?
ನಮಗೂ ಇಲ್ಲಿ ಜಾಗ ಎಲ್ಲಿದೆ ಹೇಳಿ.
ಮೇಲೆ ಲಾರಿ, ಕೆಳಗೆ ಬಸ್ಸು, ಎಲ್ಲ ಕಿಟಕಿಗೂ ಕಣ್ಣು.
ಕತ್ಲಾಗ್ಲಿ ಅಂತ ಕಾಯ್ತೀವಿ.
ಬೆಳಗಿಂದ ನೀರೇ ಕುಡಿಯಲ್ಲ.’

ಹಳೆಯ ಗೋಡೆ ಪಕ್ಕದಲ್ಲೇ ರಾಶಿ ಬಿದ್ದಿತ್ತು.
ಅದಕ್ಕೂ ತೂತುಗಳಿದ್ದವು, ಬಿಲ್ಲಿನಲ್ಲಿ ನಲವತ್ತೆರಡು,
ಹಿಂದೆ ಜಲ್ಲಿ ಹಾಕುವಲ್ಲಿ ಮಣ್ಣು ತುಂಬಿದ್ದರು, ಅಷ್ಟೆ.
ಆ ಬಿಲ್ಲು ಟೈಪು ಮಾಡಿದ್ದು ನಾನು.

ಮೂವತ್ತಕ್ಕೆ ಪಟ್ಟಿ ಹೋಯಿತು.
ಎಪ್ಪತ್ತೊಂದರ ಎದುರು ಉಚ್ಚೆತೂತು ಎಂದೇ ಬರೆದು
ಕೆಳಗೊಂದು ಷರಾ ಹಾಕಿದೆ:
ಘಾಟಿ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ
ಕೆಲಸದ ಹೆಂಗಸರಿಗೆ ತಗಡಿನ ಪಾಯಿಖಾನೆ, ಒಂದು,
ಸೇರಿಸಬಹುದು.

ಶಿವಮೊಗ್ಗದಿಂದ ಕೆಂಪು ಶಾಯಿಯಲ್ಲಿ ವಾಪಸು ಬಂತು:
‘ಜಲನಿರ್ಗಮ ರಂಧ್ರ ಎಂದು ಓದಿಕೊಳ್ಳುವುದು.
ಷರಾ ಪದಕೋಶದ ವ್ಯಾಪ್ತಿಗೆ ಬರುವುದಿಲ್ಲ.’

ಜುಲೈಯಲ್ಲಿ ಕುಂದಾಪುರದ ಬಸ್ಸಿನಲ್ಲಿ ಆ ತಿರುವು ದಾಟಿದೆ.
ಗೋಡೆ ನಿಂತಿತ್ತು. ಸಾಲು ತೂತುಗಳಿಂದ
ಹೆಬ್ಬೆರಳು ಗಾತ್ರದ ಕೆಮ್ಮಣ್ಣು ನೀರು.
ಮುಂದಿನ ಸೀಟಿನ ಪುಟ್ಟ ಹುಡುಗ ಕಿಟಕಿಗೆ ಮೂಗು ಒತ್ತಿ
‘ಅಮ್ಮಾ ನೋಡು, ಗೋಡೆ ಉಚ್ಚೆ ಹೊಯ್ತಿದೆ!’ ಎಂದು ಕೂಗಿದ.
ಅವಳು ಥಟ್ಟನೆ ಅವನ ಬಾಯಿ ಮುಚ್ಚಿದಳು.