ಹತ್ತರಲ್ಲಿ ಎಷ್ಟು

ಸಿದ್ದಾಪುರದ ಸಂತೆಯ ಮಾರನೆಯ ದಿನ
ಕೈಗೊಂದು ಟ್ಯಾಬ್ ಕೊಟ್ಟರು.
ದನ ಎಣಿಸಿದ್ದೇನೆ, ಶೌಚಾಲಯ ಎಣಿಸಿದ್ದೇನೆ,
ಅಂಗನವಾಡಿ ಮಕ್ಕಳ ತೋಳಿಗೆ ಟೇಪು ಸುತ್ತಿದ್ದೇನೆ.
ಈ ಸಲ ಸಂತೋಷವಂತೆ.
ಮನೆಗೊಂದು ಅಂಕಿ, ಸೊನ್ನೆಯಿಂದ ಹತ್ತರೊಳಗೆ.

ಮೇದಪ್ಪನವರು ಮಳೆಮಾಪಕದ ಪಕ್ಕ ನಿಂತಿದ್ದರು,
ಹೂಮಳೆ ಬಿದ್ದ ಬೆಳಿಗ್ಗೆ.
ನಮ್ಮಲ್ಲಿ ಮಳೆಗೂ ಸೆಂಟಿನ ಲೆಕ್ಕ.
"ಎಂಬತ್ತು ಸೆಂಟು!" ಎಂದರು, ನಾನು ಬಾಯಿ ತೆರೆಯುವ ಮುಂಚೆ.
ಎಂಟು ಎಂದು ಒತ್ತಿದೆ.
ಗೇಟಿನವರೆಗೆ ಹಿಂದೆಯೇ ಬಂದರು:
"ಬ್ಯಾಕಿಂಗ್ ಮಳೆ ಬರಲಿ, ಆಮೇಲೆ ಬರಿ."

ಮೊಯ್ದುಟ್ಟಿ ಮೀನಿನ ತಕ್ಕಡಿ ಒರೆಸುತ್ತ ಹೇಳಿದ:
"ಐದು ಹಾಕು. ಯಾರಿಗೂ ಹೊಟ್ಟೆ ಉರಿಯಬಾರದು,
ಯಾರ ಕನಿಕರವೂ ಬೇಡ."

ನನ್ನಜ್ಜಿ ಮಗು ಚೆಂದವಿದ್ದರೆ
ಕೆನ್ನೆಗೆ ಕಾಡಿಗೆ ಮೆತ್ತಿ ಕೆಡಿಸುತ್ತಿದ್ದಳು.
ಹೇಗಿದ್ದೀ ಎಂದರೆ, "ಏನೋ, ಹೀಗೆ."
ಆ ಹೀಗೆಯೊಳಗೆ ಒಂದು ಮನೆಯಷ್ಟು ನಗು,
ಅದರ ಅಗುಳಿ ಯಾವ ಸರ್ಕಾರವೂ ತೆಗೆಸಿರಲಿಲ್ಲ.
ಅಳು ಮಾತ್ರ ಊರಿನದು.

ಲೈನ್ ಮನೆಯ ಕೊನೆಯ ಬಾಗಿಲು, ಎರವರ ಬೊಳ್ಳಿ.
ಆನೆ ಕೆಡವಿದ ಗೋಡೆಗೆ ನೀಲಿ ಟಾರ್ಪಾಲು.
ನಿನ್ನೆ ನಕ್ಕಿದ್ದೀರಾ? ಅದು ನಾಲ್ಕನೆಯ ಪ್ರಶ್ನೆ.
"ಯಾರಿಗೆ ಬೇಕಂತೆ?"
ಸರ್ಕಾರಕ್ಕೆ.
"ಹತ್ತು ಅಂದ್ರೆ ಅಕ್ಕಿ ನಿಲ್ಲಿಸ್ತಾರಾ?"
ಗೊತ್ತಿರಲಿಲ್ಲ.
"ಸೊನ್ನೆ ಅಂದ್ರೆ ಗೋಡೆ ಕಟ್ಟಿಸ್ತಾರಾ?"
ಅದೂ ಗೊತ್ತಿರಲಿಲ್ಲ.
ಆಗ ನಕ್ಕಳು, ಎಲೆಯಡಿಕೆಯ ಕೆಂಪು ಬಾಯ್ತುಂಬ.
ಒಳಗಿದ್ದ ಮೊಮ್ಮಕ್ಕಳೂ ಯಾಕೆಂದು ತಿಳಿಯದೆ ನಕ್ಕವು.
ಪ್ರಶ್ನೆ ನಿನ್ನೆಯದು. ಇವತ್ತಿಗೆ ಕಾಲಂ ಇರಲಿಲ್ಲ.

ತಾಲ್ಲೂಕಿನಿಂದ ಫೋನು:
ಮೂರಕ್ಕಿಂತ ಕಡಿಮೆ ಬಂದ ಮನೆಗಳಿಗೆ
ಇನ್ನೊಮ್ಮೆ ಹೋಗಿ, ಸಮಾಧಾನವಾಗಿ ಕೇಳಿ.
ಹೋದೆ. ಕರಿಕಾಫಿ ಕೊಟ್ಟಳು.
"ಟೀಚರೇ, ನಿಮ್ಮದೆಷ್ಟು?"
ನಾಲ್ಕು ತಿಂಗಳ ಗೌರವಧನ ಬಾಕಿ,
ಲೋಟದ ಬಿಸಿ ಅಂಗೈಗೆ ಹಿತವಾಗಿತ್ತು.
ಏನೋ, ಹೀಗೆ, ಎಂದೆ.
ಅವಳ ಮನೆಗೆ ಕೊನೆಗೆ ಏನು ಒತ್ತಿದೆನೋ
ಇಲ್ಲಿ ಹೇಳುವುದಿಲ್ಲ.

ಚುನಾವಣೆಗೆ ಮುಂಚೆ ಬಸ್ ನಿಲ್ದಾಣದಲ್ಲಿ ಬ್ಯಾನರು:
ಏಳು ಬಿಂದು ಎರಡು, ಸುತ್ತ ಕೈಮುಗಿದ ಮುಖಗಳು.
ಸುಳ್ಳು, ಐದೂ ದಾಟುವುದಿಲ್ಲ, ಎಂದು ಇನ್ನೊಂದು ಪಕ್ಷ
ಎದುರಿಗೇ ಶಾಮಿಯಾನ ಹಾಕಿತು.
ಧರಣಿಗೆ ಜನ ಬೇಕಲ್ಲ. ಅರ್ಧ ದಿನದ ಕೂಲಿ, ಒಂದು ಪೊಟ್ಟಣ ಬಿರಿಯಾನಿ.
ಎರಡನೆಯ ಸಾಲಿನಲ್ಲಿ ಬೊಳ್ಳಿ,
ಕೊರಳಲ್ಲಿ "ನಮಗೆ ಸುಖವಿಲ್ಲ" ಎಂಬ ರಟ್ಟು.
ದೂರದಿಂದ ನನ್ನ ಗುರುತು ಹಿಡಿದು
ಬಾಯಿಗೆ ಸೆರಗು ಅಡ್ಡ ಹಿಡಿದಳು.